ಹಾಡು ಸರ್ವರಿನಿಂದ ಸ್ಪೀಕರಿನವರೆಗೆ: ಮನೆಗೊಂದು ಮ್ಯೂಸಿಕ್ ಸ್ಟ್ರೀಮರ್ ಬೇಕೇ?

ಹಾಸನದ ವಿದ್ಯಾನಗರದಲ್ಲಿ ನಮ್ಮ ಚಿಕ್ಕಪ್ಪನ ಮನೆ. ಹಾಲಿನ ಶೋಕೇಸಿನಲ್ಲಿ ತೊಂಬತ್ತರ ದಶಕದಲ್ಲಿ ಕೊಂಡ ಆಂಪ್ಲಿಫೈಯರ್, ಅದರ ಎರಡು ಪಕ್ಕಕ್ಕೆ ಮರದ ಸ್ಪೀಕರುಗಳು. ಕ್ಯಾಸೆಟ್ ಡೆಕ್ಕು ಕೆಟ್ಟು ಅಟ್ಟ ಸೇರಿ ಎಷ್ಟೋ ವರ್ಷವಾಯಿತು. ಈಗ ಹಾಡು ಬರುವುದು ಫೋನಿನಿಂದ, ಬ್ಲೂಟೂತಿನಲ್ಲಿ. ಕಳೆದ ಸಲ ಹೋದಾಗ ತೋಡಿ ಆಲಾಪನೆ ನಡೆಯುತ್ತಿತ್ತು. ಮಂದ್ರಕ್ಕಿಳಿದು ಇನ್ನೇನು ಷಡ್ಜಕ್ಕೆ ಬಂದು ನಿಲ್ಲಬೇಕು, ಅಷ್ಟರಲ್ಲಿ ಎರಡೂ ಸ್ಪೀಕರಿನಿಂದ ಜೋರಾಗಿ ರಿಂಗ್‌ಟೋನ್. ಸಕಲೇಶಪುರದ ಕಡೆ ಇರುವ ಪುಟ್ಟ ತೋಟದ ಮೆಣಸಿನ ವಿಚಾರಕ್ಕೆ ವ್ಯಾಪಾರಿ ಫೋನ್ ಮಾಡಿದ್ದರು.

ಮಾತು ಮುಗಿಸಿ ಬಂದು ಕೂತ ಚಿಕ್ಕಪ್ಪ ಕೇಳಿದರು: "ಬೆಂಗಳೂರಲ್ಲಿ ಒಂದು ಅಂಗಡೀಲಿ ಸ್ಟ್ರೀಮರ್ ಅಂತ ತೋರಿಸಿದ್ರು ಕಣೋ. ಎಪ್ಪತ್ತು ಸಾವಿರ ಅಂತೆ. ಅದನ್ನ ಹಾಕಿದ್ರೆ ಸೌಂಡೇ ಬೇರೆ ಆಗುತ್ತೆ ಅಂದ್ರು. ಹೌದೇನೋ?"

ಈ ಪ್ರಶ್ನೆ ಈಗ ಚಿಕ್ಕಪ್ಪನೊಬ್ಬರದೇ ಅಲ್ಲ. ಹಾಸನ, ಚಿಕ್ಕಮಗಳೂರಿನಂಥ ಊರುಗಳ ಮನೆಗಳಿಗೂ ಫೈಬರ್ ಇಂಟರ್‌ನೆಟ್ ಬಂದಿದೆ. ಆಪಲ್ ಮ್ಯೂಸಿಕ್ 2021ರಲ್ಲಿ, ಸ್ಪಾಟಿಫೈ 2025ರ ಸೆಪ್ಟೆಂಬರಿನಲ್ಲಿ 'ಲಾಸ್‌ಲೆಸ್', ಎಂದರೆ ಮೂಲದ್ದೇನೂ ಕಳೆದುಹೋಗದ ಗುಣಮಟ್ಟದ ಹಾಡು ಕೊಡುವುದಾಗಿ ಪ್ರಕಟಿಸಿದವು. ಹಳೆಯ ಆಂಪ್ಲಿಫೈಯರಿನ ಧೂಳು ಒರೆಸಿ ಮತ್ತೆ ಬಳಸುವ ಮನಸ್ಸು ಹಲವರಿಗೆ ಬಂದಿದೆ. ಆ ದಾರಿಯಲ್ಲಿ ಮೊದಲು ಎದುರಾಗುವ ದುಬಾರಿ ಪೆಟ್ಟಿಗೆಯೇ ಸ್ಟ್ರೀಮರ್. ಅದು ಏನು ಮಾಡುತ್ತದೆ ಎಂದು ಮೊದಲು ನೋಡೋಣ. ಸೌಂಡು ಬೇರೆಯಾಗುತ್ತದೋ ಇಲ್ಲವೋ ಎಂಬುದಕ್ಕೆ ಉತ್ತರ ಅಲ್ಲಿಂದಲೇ ಹೊರಡುತ್ತದೆ.

ಐದು ಕೈ ದಾಟಿ ಬರುವ ಹಾಡು

ಇಂಟರ್‌ನೆಟ್ಟಿನ ಹಾಡು ನಮ್ಮ ಕಿವಿ ಮುಟ್ಟುವ ಮುಂಚೆ ಐದು ಕೈ ದಾಟುತ್ತದೆ. ಮೊದಲನೆಯದು ಸರ್ವರ್, ಹಾಡು ಅಲ್ಲಿ ಅಂಕಿಗಳ ಕಡತವಾಗಿ ಕೂತಿರುತ್ತದೆ. ಎರಡನೆಯದು, ಆ ಕಡತವನ್ನು ಎಳೆದುಕೊಂಡು ಬಿಚ್ಚುವ ಒಂದು ಕಂಪ್ಯೂಟರ್. ಮೂರನೆಯದು ಅಂಕಿಗಳನ್ನು ವಿದ್ಯುತ್ತಿನ ಅಲೆಯಾಗಿ ಮಾರ್ಪಡಿಸುವ ಚಿಪ್. ಇದನ್ನು ಡ್ಯಾಕ್ ಎನ್ನುತ್ತಾರೆ. ನಾಲ್ಕನೆಯದು ಆ ಸಣ್ಣ ಅಲೆಗೆ ಬಲ ತುಂಬುವ ಆಂಪ್ಲಿಫೈಯರ್. ಕೊನೆಯದು ಗಾಳಿಯನ್ನು ನಡುಗಿಸುವ ಸ್ಪೀಕರ್.

ಫೋನಿನೊಳಗೆ ಎರಡರಿಂದ ಐದರವರೆಗಿನ ನಾಲ್ಕೂ ಅಂಗೈಯಗಲದಲ್ಲಿ ಅಡಗಿವೆ. ಸ್ಟ್ರೀಮರ್ ಎಂದರೆ ಎರಡನೆಯ ಕೆಲಸಕ್ಕೆಂದೇ ಮಾಡಿದ ಪೆಟ್ಟಿಗೆ. ಬಹುಪಾಲು ಸ್ಟ್ರೀಮರುಗಳಲ್ಲಿ ಮೂರನೆಯದಾದ ಡ್ಯಾಕ್ ಕೂಡ ಇರುತ್ತದೆ. ಕೆಲವದರಲ್ಲಿ ಆಂಪ್ಲಿಫೈಯರೂ ಸೇರಿಕೊಂಡು, ನೇರವಾಗಿ ಸ್ಪೀಕರಿನ ತಂತಿ ಸಿಕ್ಕಿಸಿದರೆ ಸಾಕು ಎನ್ನುವಂತಿರುತ್ತದೆ. ಬೆಲೆ ಕೆಲವು ಸಾವಿರದಿಂದ ಲಕ್ಷಗಳವರೆಗೂ ಹೋಗುತ್ತದೆ.

ಹಾಡು ಆರಿಸುವುದು ಆಗಲೂ ಫೋನಿನಲ್ಲೇ. ಆದರೆ ಫೋನು ರಿಮೋಟಿನ ಕೆಲಸ ಮಾಡುತ್ತದೆ, ಅಷ್ಟೇ. 'ಇದನ್ನು ಹಾಕು' ಎಂದು ಫೋನು ಹೇಳಿದರೆ, ಸ್ಟ್ರೀಮರ್ ತಾನೇ ವೈಫೈ ಅಥವಾ ಲ್ಯಾನ್ ತಂತಿಯ ಮೂಲಕ ಸರ್ವರಿನಿಂದ ಹಾಡನ್ನು ತರಿಸಿಕೊಳ್ಳುತ್ತದೆ. ಸ್ಪಾಟಿಫೈ ಕನೆಕ್ಟ್, ಗೂಗಲ್ ಕಾಸ್ಟ್ ಎಂಬ ವ್ಯವಸ್ಥೆಗಳು ಕೆಲಸ ಮಾಡುವುದು ಹೀಗೆ. ಆಮೇಲೆ ಫೋನನ್ನು ಜೇಬಿಗೆ ಹಾಕಿಕೊಂಡು ತೋಟಕ್ಕೆ ಹೋದರೂ ಹಾಡು ನಿಲ್ಲದು, ಯಾರು ಫೋನ್ ಮಾಡಿದರೂ ಸ್ಪೀಕರಿನಲ್ಲಿ ಅದು ಕೇಳಿಸದು. ಐಫೋನಿನಿಂದ ಏರ್‌ಪ್ಲೇ ಮಾಡಿದಾಗ ಮಾತ್ರ ಹಾಡು ಸಾಮಾನ್ಯವಾಗಿ ಫೋನಿನ ಮೂಲಕವೇ ಹಾದುಬರುತ್ತದೆ.

ಚಿಕ್ಕಪ್ಪನ ತೋಡಿಗೆ ಬಂದ ವಿಘ್ನ ಇಷ್ಟರಲ್ಲೇ ಪರಿಹಾರವಾದಂತಾಯಿತು. ಅಂಗಡಿಯವರು ಹೇಳಿದ 'ಸೌಂಡೇ ಬೇರೆ' ಎಂಬ ಮಾತು ಇನ್ನೂ ಉಳಿದಿದೆ.

ಮಳೆ ಲೆಕ್ಕದ ಪುಸ್ತಕ ಮತ್ತು 44,100

ಮಲೆನಾಡಿನ ತೋಟದ ಮನೆಗಳಲ್ಲಿ ಅಂಗಳದಲ್ಲೊಂದು ಮಳೆ ಮಾಪಕ, ಒಳಗೊಂದು ಪುಸ್ತಕ ಇರುವುದನ್ನು ನೋಡಿರುತ್ತೀರಿ. ಬೆಳಿಗ್ಗೆ ಎದ್ದು ಇವತ್ತು ಇಷ್ಟು ಇಂಚು, ಇಷ್ಟು ಸೆಂಟ್ಸ್ ಎಂದು ಬರೆದಿಡುತ್ತಾರೆ. ಆ ಪುಸ್ತಕ ತಿರುವಿ ಹಾಕಿದರೆ ಯಾವ ವರ್ಷದ ಮಳೆ ಹೇಗೆ ಏರಿತು, ಹೇಗೆ ಇಳಿಯಿತು ಎಂದು ಗೆರೆ ಎಳೆದು ತೋರಿಸಬಹುದು. ಡಿಜಿಟಲ್ ಧ್ವನಿಯೂ ಇಂಥದೇ ಪುಸ್ತಕ. ಮೈಕಿನ ಮುಂದೆ ಗಾಳಿಯ ಒತ್ತಡ ಎಷ್ಟಿದೆ ಎಂದು ಕ್ಷಣಕ್ಷಣಕ್ಕೂ ಅಳೆದು ಬರೆದಿಟ್ಟ ಅಂಕಿಗಳು.

ಇಲ್ಲಿ ಎರಡು ವಿಷಯ ಮುಖ್ಯ. ಎಷ್ಟು ಸಲ ಅಳೆದರು, ಅಳೆಯುವ ಗಾಜಿನ ಮೇಲೆ ಗೀಟುಗಳು ಎಷ್ಟು ಸಣ್ಣವು. ಮೊದಲನೆಯದಕ್ಕೆ ಸ್ಯಾಂಪಲಿಂಗ್ ರೇಟ್ ಎನ್ನುತ್ತಾರೆ, ಎರಡನೆಯದನ್ನು ಬಿಟ್ ಎಣಿಕೆಯಲ್ಲಿ ಹೇಳುತ್ತಾರೆ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿಯಲ್ಲಿ ಪ್ರತಿ ಸೆಕೆಂಡಿಗೆ 44,100 ಸಲ ಅಳತೆ. ಗೀಟುಗಳು 16 ಬಿಟ್, ಎಂದರೆ 65,536 ಮೆಟ್ಟಿಲು.

44,100 ಎಂಬ ಅಂಕಿಗೆ ಕಾರಣವಿದೆ. ಮನುಷ್ಯನ ಕಿವಿ ಕೇಳಬಲ್ಲ ಅತಿ ಹೆಚ್ಚಿನ ಸ್ಥಾಯಿ ಸುಮಾರು 20,000 ಹರ್ಟ್ಜ್, ಎಂದರೆ ಸೆಕೆಂಡಿಗೆ 20,000 ಕಂಪನ. ವಯಸ್ಸಾದಂತೆ ಅದೂ ಇಳಿಯುತ್ತದೆ. ಒಂದು ಅಲೆಯನ್ನು ಪೂರ್ತಿಯಾಗಿ ಹಿಡಿಯಲು ಅದರ ಕಂಪನದ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆದರೆ ಸಾಕು ಎಂಬುದು ಗಣಿತದಲ್ಲಿ ಸಾಧಿಸಿ ತೋರಿಸಿದ ಮಾತು. ನೈಕ್ವಿಸ್ಟ್ ಮತ್ತು ಶ್ಯಾನನ್ ಎಂಬಿಬ್ಬರ ಹೆಸರಿನಲ್ಲಿ ಆ ಪ್ರಮೇಯವಿದೆ. ಎರಡು ಅಳತೆಗಳ ನಡುವೆ ಏನೋ ಕಳೆದುಹೋಗುತ್ತದೆ, ಧ್ವನಿ ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ ಎಂದು ಹಲವರು ತಿಳಿದಿದ್ದಾರೆ. ಹಾಗಾಗುವುದಿಲ್ಲ. ಡ್ಯಾಕಿನಿಂದ ಹೊರಬರುವುದು ನಯವಾದ ಅಲೆಯೇ.

16 ಬಿಟ್ಟಿನಲ್ಲಿ ಅತಿ ಮೆಲ್ಲಗಿನ ಸದ್ದಿಗೂ ಅತಿ ಜೋರಿನ ಸದ್ದಿಗೂ ಸುಮಾರು 96 ಡೆಸಿಬೆಲ್ ಅಂತರ ಸಿಗುತ್ತದೆ. ರಾತ್ರಿ ಹೊತ್ತಿನ ನಿಶ್ಶಬ್ದ ಕೋಣೆಯಲ್ಲೂ 30 ಡೆಸಿಬೆಲ್ ಆಸುಪಾಸಿನ ಸದ್ದು ಇದ್ದೇ ಇರುತ್ತದೆ. ಜುಲೈ ತಿಂಗಳ ಮಳೆ ಶೀಟಿನ ಮೇಲೆ ಸುರಿಯುತ್ತಿದ್ದರೆ ಅದರ ಲೆಕ್ಕವೇ ಬೇರೆ. 24 ಬಿಟ್, 96 ಅಥವಾ 192 ಕಿಲೋಹರ್ಟ್ಜಿನ 'ಹೈ-ರೆಸ್' ಕಡತಗಳು ಧ್ವನಿಮುದ್ರಣ ಮಾಡುವವರಿಗೆ ತುಂಬ ಉಪಯುಕ್ತ. ಮುದ್ರಿಸಿದ್ದನ್ನು ತಿದ್ದಿ, ಬೆರೆಸಿ, ಏರಿಸಿ ಇಳಿಸುವಾಗ ಆ ಹೆಚ್ಚುವರಿ ಜಾಗ ಬೇಕಾಗುತ್ತದೆ. ಮನೆಯಲ್ಲಿ ಕೂತು ಕೇಳುವವರಿಗೆ ಸಿಗುವ ಲಾಭ ಎಷ್ಟು ಎಂಬುದಕ್ಕೆ ಮುಂದೆ ಬರುತ್ತೇನೆ.

ಮಡಿಸಿದ ಸೀರೆ, ಕತ್ತರಿಸಿದ ಸೀರೆ

ಸಿಡಿಯ ಧ್ವನಿಯನ್ನು ಹಾಗೆಯೇ ಕಳಿಸಬೇಕೆಂದರೆ ಸೆಕೆಂಡಿಗೆ 1,411 ಕಿಲೋಬಿಟ್ ಸಾಗಬೇಕು. ಗಂಟೆಗೆ ಸುಮಾರು 635 ಎಂಬಿ. ಇದನ್ನು ಚಿಕ್ಕದು ಮಾಡಲು ಎರಡು ದಾರಿ.

ಒಂದು, ಸೀರೆಯನ್ನು ಮಡಿಸಿ ಟ್ರಂಕಿನಲ್ಲಿಟ್ಟಂತೆ. ಜಾಗ ಕಡಿಮೆ ಹಿಡಿಯುತ್ತದೆ, ಬಿಚ್ಚಿದರೆ ಒಂದು ಎಳೆಯೂ ಹೋಗಿರುವುದಿಲ್ಲ. ಲಾಸ್‌ಲೆಸ್ ಎಂದರೆ ಇದೇ. 2001ರಲ್ಲಿ ಬಂದ, ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದಾದ ಫ್ಲ್ಯಾಕ್ ಎಂಬ ಕಡತದ ರೂಪ ಇದಕ್ಕೆ ಹೆಸರುವಾಸಿ. ಗಾತ್ರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ಇನ್ನೊಂದು ದಾರಿ ಎಂಪಿ3ಯದು. ಮದುವೆ ಮನೆಯಲ್ಲಿ ಗಟ್ಟಿಮೇಳ ಮೊಳಗುವಾಗ ಪಕ್ಕದಲ್ಲಿ ಕೂತವರು ಪಿಸುಗುಟ್ಟಿದರೆ ನಮಗೆ ಕೇಳಿಸುವುದಿಲ್ಲ. ಜೋರು ಸದ್ದು ಮೆಲ್ಲಗಿನದನ್ನು ಮುಚ್ಚಿಬಿಡುತ್ತದೆ. ಹಾಗೆ ಹೇಗೂ ಕೇಳಿಸದ ಭಾಗಗಳನ್ನು ಹುಡುಕಿ, ಅವುಗಳನ್ನು ಒರಟಾಗಿ ಬರೆದಿಡುವುದು ಅಥವಾ ಬಿಟ್ಟೇಬಿಡುವುದು ಎಂಪಿ3, ಎಎಸಿ, ಆಗ್ ವಾರ್ಬಿಸ್‌ಗಳ ಕೆಲಸ. ಬಿಟ್ಟದ್ದು ಮತ್ತೆ ಬರುವುದಿಲ್ಲ. ಆದರೆ 320 ಕಿಲೋಬಿಟ್ಟಿನ ಮಟ್ಟದಲ್ಲಿ ಕೆಲಸ ಎಷ್ಟು ಚೊಕ್ಕವೆಂದರೆ, ಮೂಲಕ್ಕೂ ಇದಕ್ಕೂ ವ್ಯತ್ಯಾಸ ಗುರುತಿಸಲು ಪಳಗಿದ ಕಿವಿಗಳೂ ಒದ್ದಾಡುತ್ತವೆ. 96 ಅಥವಾ 64 ಕಿಲೋಬಿಟ್ಟಿಗೆ ಇಳಿಸಿದರೆ ತಾಳದ ಕಿಣಿ ನೀರಾದಂತೆ ಕೇಳಿಸುತ್ತದೆ, ತಂಬೂರಿಯ ಝೇಂಕಾರ ಸವೆದುಹೋಗುತ್ತದೆ. ಇದನ್ನು ಸಾಧಾರಣ ಕಿವಿಗಳೂ ಗುರುತಿಸಿಯಾವು. ಆದ್ದರಿಂದ ಹಣ ಖರ್ಚು ಮಾಡುವ ಮುಂಚೆ ಆ್ಯಪಿನ ಸೆಟ್ಟಿಂಗ್ಸಿಗೆ ಹೋಗಿ ಆಡಿಯೋ ಕ್ವಾಲಿಟಿ ನೋಡಿ. ಡೇಟಾ ಉಳಿಸಲೆಂದು ಎಂದೋ 'ಲೋ' ಮಾಡಿಟ್ಟು ಮರೆತವರು ಬಹಳ. ಚಿಕ್ಕಪ್ಪನ ಫೋನಿನಲ್ಲೂ ಹಾಗೇ ಇತ್ತು. ಅದನ್ನು ಬದಲಾಯಿಸಿದ್ದಕ್ಕೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಅಡುಗೆ ಮನೆಯಲ್ಲಿದ್ದ ಚಿಕ್ಕಮ್ಮ, "ಈಗ ಸ್ವಲ್ಪ ಬಿಡಿಸಿ ಕೇಳ್ಸತ್ತೆ ನೋಡು" ಎಂದರು.

ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕಿನಲ್ಲಿ ಕೇಳುವವರು ಲೆಕ್ಕ ಇಟ್ಟುಕೊಳ್ಳಬೇಕು. 320 ಕಿಲೋಬಿಟ್ಟಿನಲ್ಲಿ ಗಂಟೆಗೆ 144 ಎಂಬಿ ಖರ್ಚು. ಸಿಡಿ ಮಟ್ಟದ ಲಾಸ್‌ಲೆಸ್ಸಿಗೆ ಮುನ್ನೂರರಿಂದ ನಾನ್ನೂರು ಎಂಬಿ. ಹೈ-ರೆಸ್ ಆದರೆ ಗಂಟೆಗೇ 1 ಜಿಬಿ ದಾಟಬಹುದು.

ಪಹಣಿಯ ಜೆರಾಕ್ಸಿನ ಜೆರಾಕ್ಸ್

ಬ್ಲೂಟೂತಿನ ತೊಂದರೆ ಇಲ್ಲಿ ಅರ್ಥವಾಗುತ್ತದೆ. ಬ್ಲೂಟೂತ್ ದಾರಿ ಕಿರಿದು. ಎಲ್ಲ ಸಾಧನಗಳಲ್ಲೂ ಇರುವ ಎಸ್‌ಬಿಸಿ ಎಂಬ ವಿಧಾನದಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 328 ಕಿಲೋಬಿಟ್ ಮೀರುವುದಿಲ್ಲ. ಸೋನಿಯ ಎಲ್‌ಡ್ಯಾಕ್‌ನಲ್ಲಿ 990ರವರೆಗೆ ಹೋಗಬಹುದು. ಅದಕ್ಕೆ ಕಳಿಸುವ ಫೋನೂ ಪಡೆಯುವ ಸಾಧನವೂ ಎರಡೂ ಅದನ್ನು ಬಲ್ಲವಾಗಿರಬೇಕು. ಎಸ್‌ಬಿಸಿ, ಎಲ್‌ಡ್ಯಾಕ್ ಎರಡೂ ಎಂಪಿ3ಯಂತೆ ಒಂದಷ್ಟನ್ನು ಬಿಟ್ಟು ಕಳಿಸುವ ವಿಧಾನಗಳೇ. ನೀವು ಲಾಸ್‌ಲೆಸ್ ಚಂದಾ ಕಟ್ಟಿದ್ದರೂ ಬ್ಲೂಟೂತಿನಲ್ಲಿ ಕೊನೆಗೆ ತಲುಪುವುದು ಸಾಮಾನ್ಯವಾಗಿ ಕತ್ತರಿಸಿದ ಸೀರೆಯೇ.

ಇನ್ನೂ ಒಂದು ಸಂಗತಿ ಇದೆ. ಸರ್ವರಿನಿಂದ ಬಂದ ಹಾಡು ಈಗಾಗಲೇ ಒಮ್ಮೆ ಹಿಂಡಿದ್ದಾದರೆ, ಫೋನು ಅದನ್ನು ಬಿಚ್ಚಿ, ಬ್ಲೂಟೂತಿಗಾಗಿ ಮತ್ತೆ ಬೇರೆ ವಿಧಾನದಲ್ಲಿ ಹಿಂಡುತ್ತದೆ. ಪಹಣಿಯ ಜೆರಾಕ್ಸನ್ನು ಮತ್ತೆ ಜೆರಾಕ್ಸ್ ಮಾಡಿಸಿದಂತೆ. ಅಕ್ಷರ ಓದಲು ಬರುತ್ತದೆ, ಅಂಚು ಮಾತ್ರ ಮಾಸಿರುತ್ತದೆ. ವೈಫೈನಲ್ಲಿ ಕೆಲಸ ಮಾಡುವ ಸ್ಟ್ರೀಮರಿಗೆ ಈ ಎರಡನೆಯ ಜೆರಾಕ್ಸಿನ ಅಗತ್ಯವಿಲ್ಲ. ಬ್ಲೂಟೂತಿನಿಂದ ಸ್ಟ್ರೀಮರಿಗೆ ಬಂದವರು 'ಸೌಂಡು ಸುಧಾರಿಸಿತು' ಎಂದರೆ ಅದರಲ್ಲಿ ನಿಜವಿದೆ. ಅದು ಸ್ಟ್ರೀಮರಿನ ಬೆಲೆಯಿಂದ ಬಂದದ್ದಲ್ಲ, ಅಗಲವಾದ ದಾರಿಯಿಂದ ಬಂದದ್ದು. ಆ ದಾರಿ ಕಡಿಮೆ ಬೆಲೆಯ ಸ್ಟ್ರೀಮರಿನಲ್ಲೂ ಅಷ್ಟೇ ಅಗಲ.

ದಾರಿಯಲ್ಲಿ ಅಂಕಿಗಳು ಕೆಡುತ್ತವೆಯೇ?

ದುಬಾರಿ ಸ್ಟ್ರೀಮರ್, ಅದಕ್ಕೆ ವಿಶೇಷ ಲ್ಯಾನ್ ತಂತಿ, ವಿಶೇಷ ನೆಟ್‌ವರ್ಕ್ ಸ್ವಿಚ್ ಎಂದೆಲ್ಲ ಮಾರುವಾಗ ಕೇಳಿಬರುವ ಮಾತು: ದಾರಿಯಲ್ಲಿ ಧ್ವನಿ ಕಲುಷಿತವಾಗುತ್ತದೆ, ಇದು ಅದನ್ನು ಶುದ್ಧ ಮಾಡುತ್ತದೆ. ಇಂಟರ್‌ನೆಟ್ಟಿನಲ್ಲಿ ಕಡತ ಸಾಗುವ ಬಗೆ ತಿಳಿದರೆ ಈ ಮಾತನ್ನು ನಾವೇ ತೂಗಿ ನೋಡಬಹುದು.

ಇಪ್ಪತ್ತು ಪುಟದ ಕಾಗದವನ್ನು ಪುಟಕ್ಕೊಂದು ಲಕೋಟೆ ಮಾಡಿ, ಮೇಲೆ ನಂಬರ್ ಬರೆದು ಬೇರೆ ಬೇರೆ ಬಸ್ಸಿನಲ್ಲಿ ಕಳಿಸಿದಿರಿ ಎನ್ನಿ. ಪಡೆದವರು ನಂಬರಿನ ಪ್ರಕಾರ ಜೋಡಿಸಿಕೊಳ್ಳುತ್ತಾರೆ. ಏಳನೆಯದು ಬಂದಿಲ್ಲವೆಂದರೆ, ಅಥವಾ ಹರಿದು ಬಂದರೆ, ಮತ್ತೊಂದು ಕಳಿಸಿ ಎನ್ನುತ್ತಾರೆ. ಪೂರ್ತಿ ಕೈಸೇರಿದ ಮೇಲೆ ಅದು ಮೂಲ ಕಾಗದವೇ; ಬಸ್ಸು ಹೊಸದೋ ಹಳೆಯದೋ ಎಂಬುದು ಬರಹದಲ್ಲಿ ಕಾಣುವುದಿಲ್ಲ. ಹಾಡಿನ ಕಡತವೂ ಹೀಗೇ ತುಂಡು ತುಂಡಾಗಿ, ಪರೀಕ್ಷೆಗೊಳಗಾಗಿ ಬರುತ್ತದೆ. ತುಂಡು ತಡವಾದರೆ ಹಾಡು ನಿಂತು ನಿಂತು ಬರುತ್ತದೆ. ತಂತಿ ಬದಲಾಯಿಸಿದ್ದಕ್ಕೆ ಪಿಟೀಲಿನ ನಾದ ಮೃದುವಾಗುವುದು ಈ ಏರ್ಪಾಡಿನಲ್ಲಿ ಸಾಧ್ಯವಿಲ್ಲ.

ಬಂದದ್ದೆಲ್ಲ ಮೊದಲು ಬಫರ್ ಎಂಬ ಜಾಗದಲ್ಲಿ ಶೇಖರವಾಗುತ್ತದೆ. ಹಿಟ್ಟಿನ ಗಿರಣಿಯ ಮೇಲೆ ಕಾಳು ಸುರಿಯುವ ತಗಡಿನ ಬಾಯಿ ಇರುತ್ತದಲ್ಲ, ಹಾಗೆ. ಗಿರಣಿಯವರು ಒಮ್ಮೆ ಒಂದು ಸೇರು, ಇನ್ನೊಮ್ಮೆ ಮೂರು ಸೇರು ರಾಗಿ ಸುರಿದರೂ ಕೆಳಗೆ ಹಿಟ್ಟು ಒಂದೇ ಸಮನೆ ಬೀಳುತ್ತದೆ, ಮೇಲಿನ ಬಾಯಿ ಬರಿದಾಗದಿದ್ದರೆ ಸರಿ.

ಹಿಟ್ಟು ಬೀಳುವ ವೇಗವನ್ನು ಹಿಡಿದಿಡುವುದು ಒಂದು ಗಡಿಯಾರ. ಸೆಕೆಂಡಿಗೆ 44,100 ಅಂಕಿಗಳನ್ನು ಒಂದೇ ಲಯದಲ್ಲಿ ಡ್ಯಾಕಿಗೆ ಕೊಡಬೇಕು. ತಾಳ ಹಾಕುವವರ ಕೈ ನಡುಗಿದರೆ ಲಯ ಅಲುಗಾಡುವಂತೆ, ಈ ಗಡಿಯಾರ ಅಲುಗಾಡಿದರೆ ಅಲೆಯ ಆಕಾರ ಅಷ್ಟಿಷ್ಟು ಕದಡುತ್ತದೆ. ಇದಕ್ಕೆ ಜಿಟ್ಟರ್ ಎಂದು ಹೆಸರು. ಇದು ಕಟ್ಟುಕತೆಯಲ್ಲ, ಅಳೆದು ತೋರಿಸಬಹುದಾದ ದೋಷ. ಆದರೆ ಈಗಿನ ಸಾಧಾರಣ ಡ್ಯಾಕುಗಳಲ್ಲೂ ಅದು ಕಿವಿಗೆ ನಿಲುಕದಷ್ಟು ಕೆಳಗಿದೆ. ಯುಎಸ್‌ಬಿಯಲ್ಲಿ ಕೆಲಸ ಮಾಡುವ ಬಹುತೇಕ ಡ್ಯಾಕುಗಳು ತಮ್ಮದೇ ಗಡಿಯಾರ ಇಟ್ಟುಕೊಂಡು, ಬೇಕಾದಷ್ಟನ್ನು ತಾವೇ ಕೇಳಿ ಪಡೆಯುತ್ತವೆ. ತಾಳ ಅಲ್ಲಿ ಡ್ಯಾಕಿನ ಕೈಯಲ್ಲಿದೆ. ಹಿಂದಿರುವುದು ಲ್ಯಾಪ್‌ಟಾಪೋ ಲಕ್ಷದ ಸ್ಟ್ರೀಮರೋ, ಲಯ ಬದಲಾಗುವುದಿಲ್ಲ.

ಆಂಡ್ರಾಯ್ಡ್ ಫೋನಿನ ಒಂದು ಸ್ವಭಾವವನ್ನೂ ಹೇಳಬೇಕು. ರಿಂಗ್‌ಟೋನ್, ಮೆಸೇಜಿನ ಸದ್ದು, ಹಾಡು ಎಲ್ಲವನ್ನೂ ಬೆರೆಸಿ ಕಳಿಸಬೇಕಾದ್ದರಿಂದ ಅದು ಸಾಮಾನ್ಯವಾಗಿ ಎಲ್ಲವನ್ನೂ 48,000ದ ಲೆಕ್ಕಕ್ಕೆ ತಂದುಕೊಳ್ಳುತ್ತದೆ. ಅಂಕಿಗಳು ಇದ್ದಂತೆಯೇ ಹೊರಹೋಗುವುದಿಲ್ಲ. ಆಂಡ್ರಾಯ್ಡ್ 14ರಿಂದ ಯುಎಸ್‌ಬಿ ಮೂಲಕ ಇದ್ದಂತೆಯೇ ಕಳಿಸುವ ಅವಕಾಶ ಬಂದಿದೆ, ಆ್ಯಪುಗಳು ಅದನ್ನು ಬಳಸಿಕೊಳ್ಳಬೇಕು. ಸ್ಟ್ರೀಮರಿನಲ್ಲಿ ಈ ಬೆರಕೆ ಇಲ್ಲ. ಕಾಗದದ ಮೇಲೆ ಇದು ಸ್ಟ್ರೀಮರಿನ ಹೆಚ್ಚುಗಾರಿಕೆ. ಕಿವಿಗೆ ಗೊತ್ತಾಗುವುದು ಅಪರೂಪ.

ಗುಂಯ್ ಎನ್ನುವ ಸದ್ದು

ಅಂಕಿ ಕೆಡದಿದ್ದರೂ ಧ್ವನಿ ಕೆಡುವ ಜಾಗ ಒಂದಿದೆ. ಅದನ್ನು ಚಿಕ್ಕಪ್ಪನ ಹಾಲಿನಲ್ಲೇ ಕಂಡೆವು. ಫೋನಿನ ಬದಲು ನನ್ನ ಲ್ಯಾಪ್‌ಟಾಪಿಗೆ ಒಂದು ಪುಟ್ಟ ಯುಎಸ್‌ಬಿ ಡ್ಯಾಕ್ ಸಿಕ್ಕಿಸಿ, ಅಲ್ಲಿಂದ ಆಂಪ್ಲಿಫೈಯರಿಗೆ ತಂತಿ ಎಳೆದೆ. ಹಾಡು ಶುರುವಾಗುವ ಮುಂಚೆಯೇ ಸ್ಪೀಕರಿನಲ್ಲಿ ಜೇನುಗೂಡಿನ ಹತ್ತಿರ ಕಿವಿಯಿಟ್ಟಂತೆ ಗುಂಯ್ ಎಂಬ ಸದ್ದು. ಲ್ಯಾಪ್‌ಟಾಪಿನ ಚಾರ್ಜರನ್ನು ಗೋಡೆಯಿಂದ ಕಿತ್ತೆ. ಸದ್ದು ಟಕ್ಕೆಂದು ನಿಂತಿತು. ಮತ್ತೆ ಸಿಕ್ಕಿಸಿದೆ, ಮತ್ತೆ ಬಂತು.

ಚಾರ್ಜರಿನ ಮೂರನೆಯ ಪಿನ್ನು ಅರ್ತಿಂಗಿಗೆ ಹೋಗುತ್ತದೆ, ಆಂಪ್ಲಿಫೈಯರಿನದೂ ಅಲ್ಲಿಗೇ. ಎರಡನ್ನೂ ಆಡಿಯೋ ತಂತಿ ಬೇರೆ ಜೋಡಿಸಿದಾಗ ಒಂದು ಸುತ್ತು ಪೂರ್ತಿಯಾಗಿ, ಮನೆಯ ಕರೆಂಟಿನ 50 ಹರ್ಟ್ಜ್ ಅದರಲ್ಲಿ ಹರಿದು ಧ್ವನಿಯೊಳಗೆ ನುಸುಳುತ್ತದೆ. ಇದಕ್ಕೆ ಗ್ರೌಂಡ್ ಲೂಪ್ ಎನ್ನುತ್ತಾರೆ. ಅಪಾಯದ ಮಾತೊಂದು: ಗುಂಯ್ ಸದ್ದು ಹೋಗಲೆಂದು ಆಂಪ್ಲಿಫೈಯರಿನ ಅರ್ತ್ ಪಿನ್ನನ್ನು ಮುರಿಯುವವರಿದ್ದಾರೆ. ದಯವಿಟ್ಟು ಮಾಡಬೇಡಿ. ಶಾಕ್ ಹೊಡೆಯದಂತೆ ಕಾಯುವುದು ಅದೇ ಪಿನ್ನು.

ಸರಿಯಾದ ದಾರಿಗಳು ಬೇರೆ ಇವೆ. ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ನಡೆಸಬಹುದು. ಡ್ಯಾಕಿಗೆ ಆಪ್ಟಿಕಲ್ ತಂತಿ ಹಾಕುವ ಜಾಗವಿದ್ದರೆ ಅದನ್ನು ಬಳಸಬಹುದು. ಅದರಲ್ಲಿ ಹೋಗುವುದು ಬೆಳಕು, ವಿದ್ಯುತ್ತಿಗೆ ದಾಟಲು ದಾರಿಯೇ ಇಲ್ಲ. ಸಣ್ಣ ಸ್ಟ್ರೀಮರುಗಳು ಹೆಚ್ಚಾಗಿ ಎರಡು ಪಿನ್ನಿನ ಅಡಾಪ್ಟರಿನಲ್ಲಿ ನಡೆಯುತ್ತವೆ, ಅವುಗಳ ಮೂಲಕ ಆ ಸುತ್ತು ಪೂರ್ತಿಯಾಗುವುದಿಲ್ಲ. ಕಂಪ್ಯೂಟರಿನಿಂದ ಬರುವ ಗುಂಯ್, ಚಿರ್ ಸದ್ದುಗಳಿಂದ ಬೇಸತ್ತವರಿಗೆ ಸ್ಟ್ರೀಮರ್ ನಿಜವಾಗಿಯೂ ಸ್ವಚ್ಛ ಧ್ವನಿ ಕೊಟ್ಟೀತು.

ಕಣ್ಣಿಗೆ ಕಾಣದಂತೆ ಕೇಳಿದಾಗ

ನನ್ನಲ್ಲಿದ್ದ ಸ್ಟ್ರೀಮರನ್ನು ಮರುವಾರ ತೆಗೆದುಕೊಂಡು ಹೋದೆ. ಒಂದು ಕಡೆ ಲ್ಯಾಪ್‌ಟಾಪ್ ಮತ್ತು ಪುಟ್ಟ ಡ್ಯಾಕ್, ಇನ್ನೊಂದು ಕಡೆ ಅದರ ಹಲವು ಪಟ್ಟು ಬೆಲೆಯ ಸ್ಟ್ರೀಮರ್. ಎರಡೂ ಆಂಪ್ಲಿಫೈಯರಿನ ಬೇರೆ ಬೇರೆ ಇನ್‌ಪುಟ್ಟಿಗೆ.

ಮೊದಲು ಮಾಡಬೇಕಾದ ಕೆಲಸ ಎರಡರ ಜೋರನ್ನೂ ಸಮ ಮಾಡುವುದು. ಒಂದು ಡೆಸಿಬೆಲ್ಲಿಗೂ ಕಡಿಮೆ ವ್ಯತ್ಯಾಸವಿದ್ದರೂ ನಮ್ಮ ಕಿವಿ ಅದನ್ನು 'ಜೋರು' ಎಂದು ಗುರುತಿಸದೆ 'ಚೆನ್ನಾಗಿದೆ', 'ತುಂಬಿಕೊಂಡಿದೆ' ಎಂದು ಗ್ರಹಿಸುತ್ತದೆ. ಅಂಗಡಿಯಲ್ಲಿ ಕೇಳುವಾಗ ಮೋಸಹೋಗುವುದು ಹೆಚ್ಚಾಗಿ ಇಲ್ಲೇ. ಒಂದೇ ಸಮನೆ ಮೊಳಗುವ 100 ಹರ್ಟ್ಜಿನ ಶ್ರುತಿಯೊಂದನ್ನು ಎರಡರಲ್ಲೂ ಹಾಕಿ, ಎಲೆಕ್ಟ್ರಿಷಿಯನ್ನರ ಮಲ್ಟಿಮೀಟರನ್ನು ಸ್ಪೀಕರಿನ ತಂತಿಗೆ ಹಿಡಿದು, ವೋಲ್ಟು ಸಮವಾಗುವವರೆಗೆ ಹೊಂದಿಸಿದೆವು.

ಆಮೇಲೆ ಆರ್.ಕೆ. ಶ್ರೀಕಂಠನ್ ಅವರ ಗಾಯನ. ನಮ್ಮ ಜಿಲ್ಲೆಯ ರುದ್ರಪಟ್ಟಣದಲ್ಲಿ 1920ರಲ್ಲಿ ಹುಟ್ಟಿದವರು ಅವರು. ಅರಕಲಗೂಡು ತಾಲ್ಲೂಕಿನ, ಕಾವೇರಿ ದಡದ ಆ ಊರಿನಲ್ಲಿ ಈಗ ತಂಬೂರಿಯ ಆಕಾರದ ದೇಗುಲವೇ ಇದೆ. ಚಿಕ್ಕಪ್ಪನಿಗೆ ಆ ಕಂಠ ಮನೆಯವರ ದನಿಯಷ್ಟು ಪರಿಚಿತ. ಇಂಥ ಪರೀಕ್ಷೆಗೆ ಚೆನ್ನಾಗಿ ಗೊತ್ತಿರುವ ಸಂಗೀತವೇ ಸರಿ. ಚಿಕ್ಕಪ್ಪ ಬೆನ್ನು ತಿರುಗಿಸಿ ಕೂತರು. ಚಿಕ್ಕಮ್ಮ ನಾಣ್ಯ ಚಿಮ್ಮಿ, ಬಿದ್ದಂತೆ ಇನ್‌ಪುಟ್ ಬದಲಿಸಿ ಚೀಟಿಯಲ್ಲಿ ಬರೆದುಕೊಂಡರು. 12 ಸಲ ಕೇಳಿಸಿದೆವು. 7 ಸರಿ, 5 ತಪ್ಪು. ಸುಮ್ಮನೆ ಊಹಿಸಿ ಹೇಳಿದರೂ ಇಷ್ಟು ಸರಿ ಬರುವುದು ಸಾಮಾನ್ಯ.

ಒಂದು ಮನೆಯ ಪರೀಕ್ಷೆಯಿಂದ ಲೋಕದ ತೀರ್ಮಾನವಾಗದು. ದೊಡ್ಡ ಪರೀಕ್ಷೆಗಳೂ ನಡೆದಿವೆ. ಅವು ಹೈ-ರೆಸ್ ಧ್ವನಿಯ ಕುರಿತಾದವು. ಅಮೆರಿಕದ ಬ್ರಾಡ್ ಮೇಯರ್ ಮತ್ತು ಡೇವಿಡ್ ಮೊರನ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೈ-ರೆಸ್ ಧ್ವನಿಯನ್ನು ನೇರವಾಗಿಯೂ, ಸಿಡಿಯ ಮಟ್ಟಕ್ಕೆ ಇಳಿಸಿಯೂ ಕೇಳಿಸಿದರು. 554 ಪ್ರಯತ್ನಗಳಲ್ಲಿ ಸರಿಯಾದದ್ದು 276, ಎಂದರೆ ಅರ್ಧ. ಲಂಡನ್ನಿನ ಜೋಶುವಾ ರೀಸ್ 2016ರಲ್ಲಿ 18 ಅಧ್ಯಯನಗಳ ಅಂಕಿಗಳನ್ನು ಒಟ್ಟುಗೂಡಿಸಿ ನೋಡಿದಾಗ ಸರಿಯುತ್ತರ 52.3 ಶೇಕಡಾ ಬಂತು. ಮೊದಲೇ ತರಬೇತಿ ಪಡೆದವರಲ್ಲಿ ಇನ್ನಷ್ಟು ಹೆಚ್ಚಿತ್ತು. ವ್ಯತ್ಯಾಸ ಇದ್ದರೂ ಎಷ್ಟು ಸಣ್ಣದು ಎಂಬುದನ್ನು ಈ ಅಂಕಿಯೇ ಹೇಳುತ್ತದೆ.

ಕೋಣೆಯೂ ಒಂದು ವಾದ್ಯ

ಇಷ್ಟೆಲ್ಲ ಆದಮೇಲೂ ಚಿಕ್ಕಪ್ಪನ ಹಾಲಿನಲ್ಲಿ ಒಂದು ಕೊರತೆ ಕಾಡುತ್ತಿತ್ತು. ಮೃದಂಗದ ಎಡಭಾಗದ ಗುಂಕಿ ಬಂದಾಗಲೆಲ್ಲ ಧ್ವನಿ ಉಬ್ಬಿ, ಹಾಡುಗಾರಿಕೆಯ ಸಾಹಿತ್ಯ ಅದರಡಿ ಮುಳುಗುತ್ತಿತ್ತು. ಅದು ಸ್ಟ್ರೀಮರಿನದಲ್ಲ, ಡ್ಯಾಕಿನದಲ್ಲ. ಕೋಣೆಯದು.

ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. 43 ಹರ್ಟ್ಜಿನ ಅಲೆಯ ಉದ್ದ 8 ಮೀಟರ್. ಎದುರುಬದುರು ಗೋಡೆಗಳ ನಡುವೆ 4 ಮೀಟರ್ ಇದ್ದರೆ, ಎಂದರೆ ಹದಿಮೂರು ಅಡಿ, ಆ ಅಲೆಯ ಅರ್ಧ ಅಲ್ಲಿ ಸರಿಯಾಗಿ ಕೂರುತ್ತದೆ. ಗೋಡೆಯಿಂದ ಗೋಡೆಗೆ ಬಡಿದು ತಾನೇ ತನ್ನನ್ನು ಬಲಪಡಿಸಿಕೊಳ್ಳುತ್ತದೆ. ಅದೇ ಉಬ್ಬು. ಗೋಡೆಯ ಹತ್ತಿರ ಅತಿ ಜೋರು, ಕೋಣೆಯ ನಡುವೆ ತೀರ ಕಡಿಮೆ. ಸ್ಪೀಕರನ್ನು ಮೂಲೆಗೊತ್ತಿ ಇಟ್ಟರೆ ಇದು ಇನ್ನೂ ಹೆಚ್ಚು. ಈ ಏರಿಳಿತ ಹತ್ತು ಡೆಸಿಬೆಲ್ಲನ್ನೂ ದಾಟಬಲ್ಲದು. ಎರಡು ಸ್ಟ್ರೀಮರುಗಳ ನಡುವಿನ ವ್ಯತ್ಯಾಸ ಇದರ ಮುಂದೆ ಲೆಕ್ಕಕ್ಕೇ ಬರುವುದಿಲ್ಲ.

ಹಳೆಯ ತೊಟ್ಟಿ ಮನೆಗಳಲ್ಲಿ ಹೆಂಚಿನ ಕೆಳಗೆ ಮರದ ಜಂತಿ, ತೆರೆದ ಅಂಗಳ. ಸದ್ದು ಚೆದುರಿ ಹೊರಗೆ ಹೋಗುತ್ತಿತ್ತು. ಈಗಿನ ಆರ್‌ಸಿಸಿ ಮನೆಯಲ್ಲಿ ಕೆಳಗೆ ವಿಟ್ರಿಫೈಡ್ ಟೈಲ್ಸ್, ಮೇಲೆ ಕಾಂಕ್ರೀಟು, ಎದುರಿಗೆ ಗಾಜಿನ ಶೋಕೇಸು. ಹಾಲಿನ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಟಪ್ ಎಂದು ನಿಲ್ಲದೆ ಝಿರ್ ಎಂದು ಎಳೆದರೆ ಕೋಣೆಗೆ ಜಮಖಾನೆ, ದಪ್ಪ ಪರದೆ, ಪುಸ್ತಕದ ಕಪಾಟು ಬೇಕು ಎಂದು ಅರ್ಥ.

ಸ್ಟ್ರೀಮರಿನ ಒಂದು ದೊಡ್ಡ ಉಪಕಾರ ಇಲ್ಲಿದೆ. ಕೆಲವು ಸ್ಟ್ರೀಮರುಗಳಲ್ಲಿ ರೂಮ್ ಕರೆಕ್ಷನ್ ಎಂಬ ಸೌಲಭ್ಯವಿರುತ್ತದೆ. ಅದು ಪರೀಕ್ಷೆಯ ಸದ್ದು ಹೊರಡಿಸಿ, ಫೋನಿನ ಮೈಕಿನಲ್ಲೋ ಜೊತೆಗೆ ಬರುವ ಮೈಕಿನಲ್ಲೋ ಕೇಳಿಸಿಕೊಂಡು, ಕೋಣೆ ಉಬ್ಬಿಸುವ ಸ್ವರಗಳನ್ನು ಆ ಪ್ರಮಾಣದಲ್ಲಿ ತಗ್ಗಿಸುತ್ತದೆ. ಸ್ಟ್ರೀಮರ್ ಹಾಕಿದ್ದರಿಂದ ಯಾರ ಕಿವಿಗಾದರೂ ಗೊತ್ತಾಗುವಷ್ಟು ಬದಲಾವಣೆ ಬರುವುದಾದರೆ ಅದು ಇದರಿಂದ. ಕೊಳ್ಳುವ ಮುಂಚೆ ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆಯೂ ಇದೇ ಎಂದು ನನ್ನ ಅನಿಸಿಕೆ.

ಕೊಳ್ಳುವ ಮುಂಚೆ

ಸಂಗೀತ ಕಚೇರಿ ಕೇಳುವವರು 'ಗ್ಯಾಪ್‌ಲೆಸ್' ಇದೆಯೇ ಎಂದು ವಿಚಾರಿಸಿ. ರಾಗ, ತಾನ, ಪಲ್ಲವಿ, ತನಿ ಆವರ್ತನ ಎಂದು ಬೇರೆ ಬೇರೆ ಕಡತ ಮಾಡಿರುತ್ತಾರೆ. ಈ ಸೌಲಭ್ಯ ಇಲ್ಲದಿದ್ದರೆ ಒಂದರಿಂದ ಇನ್ನೊಂದಕ್ಕೆ ಹೋಗುವಾಗ ತಂಬೂರಿ ಒಂದು ಕ್ಷಣ ಕಡಿದು ಹೋಗುತ್ತದೆ.

ಮಳೆಗಾಲದಲ್ಲಿ ಮರ ಬಿದ್ದು ಲೈನು ಹೋದರೆ ಮಲೆನಾಡಿನಲ್ಲಿ ಇಂಟರ್‌ನೆಟ್ ದಿನಗಟ್ಟಲೆ ಇರುವುದಿಲ್ಲ. ಯುಎಸ್‌ಬಿ ಹಾರ್ಡ್‌ಡಿಸ್ಕಿನಿಂದ ಹಾಡಬಲ್ಲ ಸ್ಟ್ರೀಮರ್ ಆದರೆ ಇನ್ವರ್ಟರ್ ಇರುವಷ್ಟು ಹೊತ್ತು ಚಿಂತೆಯಿಲ್ಲ. ಮನೆಯಲ್ಲಿರುವ ಸಿಡಿಗಳನ್ನು ಫ್ಲ್ಯಾಕ್ ಮಾಡಿಟ್ಟುಕೊಂಡರೆ 1 ಟಿಬಿ ಡಿಸ್ಕಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಆಲ್ಬಮ್ ಹಿಡಿಸುತ್ತವೆ. ಗುಡುಗು ಶುರುವಾದ ಕೂಡಲೇ ಸ್ಟ್ರೀಮರಿನ ಅಡಾಪ್ಟರನ್ನೂ ಲ್ಯಾನ್ ತಂತಿಯನ್ನೂ ಎರಡನ್ನೂ ಕಿತ್ತಿಡಿ. ಸಿಡಿಲಿನ ಏಟು ಯಾವ ತಂತಿಯಿಂದಲಾದರೂ ಬಂದೀತು.

ಸ್ಟ್ರೀಮರಿಗೆ ಆಯುಷ್ಯ ಕಡಿಮೆ ಎಂಬುದನ್ನೂ ತಿಳಿದಿರಬೇಕು. ಚಿಕ್ಕಪ್ಪನ ಆಂಪ್ಲಿಫೈಯರ್ ಮೂವತ್ತು ವರ್ಷ ನಡೆದಿದೆ. ಸ್ಟ್ರೀಮರ್ ಅಷ್ಟು ನಡೆಯುವುದು ಕಷ್ಟ, ಏಕೆಂದರೆ ಅದು ಕಂಪ್ಯೂಟರ್. ತಯಾರಿಸಿದವರು ಸಾಫ್ಟ್‌ವೇರ್ ಅಪ್‌ಡೇಟ್ ನಿಲ್ಲಿಸಿದ ಮೇಲೆ ಒಂದೊಂದೇ ಆ್ಯಪು ಅದರಲ್ಲಿ ಕೆಲಸ ಬಿಡುತ್ತದೆ. ಗೂಗಲ್ 2015ರಲ್ಲಿ ತಂದ ಕ್ರೋಮ್‌ಕಾಸ್ಟ್ ಆಡಿಯೋ ಎಂಬ ಅಂಗೈ ಗಾತ್ರದ ಒಳ್ಳೆಯ ಸಾಧನದ ತಯಾರಿಕೆ 2019ರ ಹೊತ್ತಿಗೆ ನಿಂತೇಹೋಯಿತು. ಹಾಗಾಗಿ ಸ್ಟ್ರೀಮರ್ ಮತ್ತು ಆಂಪ್ಲಿಫೈಯರ್ ಬೇರೆ ಬೇರೆ ಇದ್ದರೆ ಒಳ್ಳೆಯದು. ಹಳತಾದದ್ದನ್ನು ಮಾತ್ರ ಬದಲಿಸಬಹುದು. ಕೈಯಲ್ಲಿ ಕೆಲಸ ಮಾಡಬಲ್ಲವರು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ವೊಲ್ಯುಮಿಯೊ, ಮೂಡ್ ಮುಂತಾದ ಸಾಫ್ಟ್‌ವೇರ್ ಹಾಕಿ ತಾವೇ ಸ್ಟ್ರೀಮರ್ ಮಾಡಿಕೊಳ್ಳುತ್ತಾರೆ. ಅಂಕಿ ತಲುಪಿಸುವ ಕೆಲಸದಲ್ಲಿ ಅದು ಯಾವ ದುಬಾರಿ ಪೆಟ್ಟಿಗೆಗೂ ಕಡಿಮೆಯಿಲ್ಲ.

ಈಗಾಗಲೇ ಲ್ಯಾಪ್‌ಟಾಪಿನಿಂದ ಒಳ್ಳೆಯ ಡ್ಯಾಕಿಗೆ ತಂತಿ ಹಾಕಿ, ಗುಂಯ್ ಎನ್ನದೆ ಕೇಳುತ್ತಿರುವವರಿಗೆ ಸ್ಟ್ರೀಮರಿನಿಂದ ಸಿಗುವುದು ಅನುಕೂಲ. ಲ್ಯಾಪ್‌ಟಾಪ್ ತೆರೆಯುವ ರಗಳೆ ತಪ್ಪುತ್ತದೆ, ಮನೆಯ ಯಾರು ಬೇಕಾದರೂ ತಮ್ಮ ಫೋನಿನಿಂದ ಹಾಡು ಹಾಕಬಹುದು. ಸಣ್ಣ ಲಾಭವೇನಲ್ಲ ಅದು. ಸುಲಭವಾದರೆ ಜನ ಹೆಚ್ಚು ಸಂಗೀತ ಕೇಳುತ್ತಾರೆ. ಆದರೆ ಧ್ವನಿ ಸುಧಾರಿಸಲೆಂದು ಎತ್ತಿಟ್ಟ ಹಣವಾದರೆ ಅದು ಸ್ಪೀಕರಿಗೂ ಕೋಣೆಗೂ ಹೋಗಲಿ.

ಚಿಕ್ಕಪ್ಪ ಎಪ್ಪತ್ತು ಸಾವಿರದ್ದನ್ನು ಬಿಟ್ಟು, ಅದರ ಕಾಲುಭಾಗಕ್ಕೂ ಕಡಿಮೆ ಬೆಲೆಯ, ರೂಮ್ ಕರೆಕ್ಷನ್ ಇರುವ ಒಂದನ್ನು ತರಿಸಿದರು. ಸ್ಪೀಕರುಗಳು ಶೋಕೇಸಿನಿಂದ ಇಳಿದು, ಬಡಗಿ ಮಾಡಿಕೊಟ್ಟ ಹಲಸಿನ ಮರದ ಸ್ಟ್ಯಾಂಡಿನ ಮೇಲೆ, ಗೋಡೆಯಿಂದ ಎರಡೂವರೆ ಅಡಿ ಮುಂದೆ ಬಂದಿವೆ. ಕಸ ಗುಡಿಸುವಾಗ ಸರಿಸಿದರೆ ಮತ್ತೆ ಅದೇ ಜಾಗಕ್ಕೆ ಇಡಬೇಕಲ್ಲ, ಅದಕ್ಕೆ ಚಿಕ್ಕಮ್ಮ ಎರಡೂ ಸ್ಟ್ಯಾಂಡಿನ ಕಾಲಿನ ಸುತ್ತ ಟೈಲ್ಸಿನ ಮೇಲೆ ಬಿಳಿ ಪೇಂಟಿನಲ್ಲಿ ರಂಗೋಲಿಯ ಚುಕ್ಕಿಗಳಂತೆ ಗುರುತು ಹಾಕಿದ್ದಾರೆ.